ಬದಲಾಗದೆ ನಿಂತದ್ದು ಯಾವುದು: ಅನುಪಾತದ ಲೆಕ್ಕದಲ್ಲಿ ಎಡವುತ್ತಿದ್ದ ಒಬ್ಬ ಸಿವಿಲ್ ಎಂಜಿನಿಯರ್ ಪ್ರಕರಣ

ಮಂಡ್ಯದಲ್ಲಿ ಸಿವಿಲ್ ಎಂಜಿನಿಯರಿಂಗ್ ಓದಿ, ಅಲ್ಲಿಯೇ ಒಬ್ಬ ಗುತ್ತಿಗೆದಾರರ ಬಳಿ ಸೈಟ್ ಎಂಜಿನಿಯರ್ ಆಗಿದ್ದ ಯುವತಿಯ ಪ್ರಕರಣ ಇದು. ಸಾರಿಗೆ ಎಂಜಿನಿಯರಿಂಗ್‌ನಲ್ಲಿ ಸ್ನಾತಕೋತ್ತರ ಪದವಿಗೆ ಅಮೆರಿಕಕ್ಕೆ ಹೋಗಬೇಕೆಂಬುದು ಆಕೆಯ ಗುರಿ. ಅದಕ್ಕಾಗಿ ಬರೆಯುವ ಜಿಆರ್‌ಇ ಎಂಬ ಪ್ರವೇಶ ಪರೀಕ್ಷೆಯ ಗಣಿತ ಭಾಗದ ತಯಾರಿಗೆಂದು ಭಾನುವಾರಗಳಂದು ರೈಲಿನಲ್ಲಿ ಮೈಸೂರಿಗೆ ಬಂದು, ಸರಸ್ವತಿಪುರದಲ್ಲಿ ನಾನು ಪಾಠ ಹೇಳುವ ಕೋಣೆಯಲ್ಲಿ ಕೂರುತ್ತಿದ್ದಳು. ಹೆಸರನ್ನೂ ಗುರುತು ಕೊಡಬಲ್ಲ ವಿವರಗಳನ್ನೂ ಬಿಟ್ಟು, ಆಕೆಯ ಒಪ್ಪಿಗೆ ಪಡೆದು ಬರೆಯುತ್ತಿದ್ದೇನೆ.

ಆಕೆಯ ಅಭ್ಯಾಸ ಪರೀಕ್ಷೆಗಳ ಫಲಿತಾಂಶ ವಿಚಿತ್ರವಾಗಿತ್ತು. ಬೀಜಗಣಿತ ಚೆನ್ನಾಗಿತ್ತು. ರೇಖಾಗಣಿತದಲ್ಲಿ ತಪ್ಪೇ ಇರಲಿಲ್ಲ ಎನ್ನಬಹುದು. ನಕ್ಷೆ, ಕೋಷ್ಟಕ ಓದುವ ಪ್ರಶ್ನೆಗಳನ್ನೂ ಸಲೀಸಾಗಿ ಮಾಡುತ್ತಿದ್ದಳು. ಅನುಪಾತದ ಪ್ರಶ್ನೆ ಬಂದಾಗ ಮಾತ್ರ ಕೈ ಕಟ್ಟಿಹಾಕಿದಂತಾಗುತ್ತಿತ್ತು. ದಿನವಿಡೀ ಸಿಮೆಂಟ್, ಮರಳು, ಜಲ್ಲಿಯ ಪ್ರಮಾಣವನ್ನು ಮೇಸ್ತ್ರಿಗೆ ಹೇಳಿ ಮಾಡಿಸುವವಳು ಕಾಗದದ ಮೇಲಿನ 5:3ರ ಮುಂದೆ ಏಕೆ ಸೋಲುತ್ತಾಳೆ? ಈ ಬರಹ ಆ ಒಂದು ಪ್ರಶ್ನೆಯ ಬೆನ್ನು ಹತ್ತಿದ್ದು.

ಪರೀಕ್ಷೆಯ ಸ್ವರೂಪವನ್ನು ಮೊದಲು ಹೇಳಿಬಿಡುತ್ತೇನೆ. 2023ರ ಸೆಪ್ಟೆಂಬರಿನಿಂದ ಜಿಆರ್‌ಇ ಚಿಕ್ಕದಾಗಿದೆ; ಒಟ್ಟು ಅವಧಿ ಎರಡು ಗಂಟೆಗೂ ಸ್ವಲ್ಪ ಕಡಿಮೆ. ಗಣಿತದ ಎರಡು ವಿಭಾಗಗಳಲ್ಲಿ ಕ್ರಮವಾಗಿ 12 ಮತ್ತು 15 ಪ್ರಶ್ನೆಗಳು, ಸಮಯ 21 ಮತ್ತು 26 ನಿಮಿಷ. ಹಾಗೆಂದರೆ ಒಂದು ಪ್ರಶ್ನೆಗೆ ಸಿಗುವುದು ಒಂದೂ ಮುಕ್ಕಾಲು ನಿಮಿಷ. ಅಂಕ 130ರಿಂದ 170ರವರೆಗೆ. ತಪ್ಪು ಉತ್ತರಕ್ಕೆ ಅಂಕ ಕಳೆಯುವುದಿಲ್ಲ. ತೆರೆಯ ಮೇಲೆ ಕ್ಯಾಲ್ಕ್ಯುಲೇಟರ್ ಇರುತ್ತದೆ. ಆದರೆ ಅನುಪಾತದ ಲೆಕ್ಕದಲ್ಲಿ ಅದು ನೆರವಿಗಿಂತ ಹೆಚ್ಚು ತೊಡಕನ್ನೇ ಮಾಡುತ್ತದೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. 5:3 ಎಂಬುದನ್ನು 1.6667 ಎಂದು ಬದಲಿಸಿದ ಕ್ಷಣವೇ ಐದು ಪಾಲು, ಮೂರು ಪಾಲು ಎಂಬ ಚಿತ್ರ ಕಣ್ಣಿನಿಂದ ಮರೆಯಾಗುತ್ತದೆ. ಆಮೇಲೆ ಉಳಿಯುವುದು ದಶಮಾಂಶದ ಗೊಂದಲ.

ಕಚ್ಚಾ ಹಾಳೆಗಳು ಹೇಳಿದ್ದು

ಉತ್ತರ ಸರಿಯೋ ತಪ್ಪೋ ಎಂಬುದನ್ನು ಮಾತ್ರ ನೋಡಿದರೆ ತಪ್ಪಿನ ಬೇರು ಕಾಣುವುದಿಲ್ಲ. ಆದ್ದರಿಂದ ಆಕೆ ಲೆಕ್ಕ ಮಾಡಿದ ಕಚ್ಚಾ ಹಾಳೆಗಳನ್ನೆಲ್ಲ ತರಿಸಿಕೊಂಡೆ. ಮೊದಲು ಕಣ್ಣಿಗೆ ಬಿದ್ದ ಲೆಕ್ಕ ಈ ಬಗೆಯದು:

ಒಂದು ಕಚೇರಿಯಲ್ಲಿ ಪುರುಷರು ಮತ್ತು ಮಹಿಳೆಯರ ಅನುಪಾತ 5:3. ಹೊಸದಾಗಿ 12 ಮಹಿಳೆಯರು ಸೇರಿದ ಮೇಲೆ ಅನುಪಾತ 10:9 ಆಯಿತು. ಪುರುಷರು ಎಷ್ಟು ಮಂದಿ?

ಹಾಳೆಯಲ್ಲಿ ಆಕೆ 5:(3+12) ಎಂದು ಬರೆದು, 5:15 ಎಂದು ಸುಲಭಗೊಳಿಸಿ, ಅದು 10:9 ಆಗುವುದಿಲ್ಲವೆಂದು ತಿಳಿದು ಹೊಡೆದುಹಾಕಿದ್ದಳು. ಅದರ ಕೆಳಗೆ ಇನ್ನೊಂದು ಪ್ರಯತ್ನ, ಅದರ ಕೆಳಗೆ ಮತ್ತೊಂದು. ಕೊನೆಗೆ ಆಯ್ಕೆಗಳಲ್ಲಿ ಒಂದನ್ನು ಊಹಿಸಿ ಗುರುತು ಹಾಕಿದ್ದಳು. 12 ಎಂಬುದು ಜನರ ಸಂಖ್ಯೆ, 3 ಎಂಬುದು ಪಾಲಿನ ಸಂಖ್ಯೆ. ಎರಡನ್ನು ಕೂಡಿಸುವುದೆಂದರೆ ಮೂರು ಮೂಟೆಗೆ ಹನ್ನೆರಡು ಕಿಲೋ ಸೇರಿಸಿ ಹದಿನೈದು ಎಂದ ಹಾಗೆ.

ಎರಡನೆಯ ತಪ್ಪು ಇನ್ನೂ ಸೂಕ್ಷ್ಮವಾದದ್ದು. ಪುರುಷ ಮತ್ತು ಮಹಿಳೆಯರ ಅನುಪಾತ 5:3 ಎಂದಿರುವಲ್ಲಿ ಆಕೆ 5ಪು = 3ಮ ಎಂದು ಬರೆದಿದ್ದಳು. ಸರಿಯಾದದ್ದು 3ಪು = 5ಮ. ಈ ತಿರುವು ಆಕೆಯೊಬ್ಬಳ ದೌರ್ಬಲ್ಯವಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದಲ್ಲಿ ಜಾನ್ ಕ್ಲೆಮೆಂಟ್ ಮತ್ತು ಸಂಗಡಿಗರು 1980ರ ಆಸುಪಾಸಿನಲ್ಲಿ ಎಂಜಿನಿಯರಿಂಗ್ ಮೊದಲ ವರ್ಷದ ವಿದ್ಯಾರ್ಥಿಗಳ ಮುಂದೆ ಒಂದು ಸರಳ ವಾಕ್ಯ ಇಟ್ಟರು: ಈ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರ ಆರರಷ್ಟು ವಿದ್ಯಾರ್ಥಿಗಳಿದ್ದಾರೆ, ಇದನ್ನು ಸಮೀಕರಣವಾಗಿ ಬರೆಯಿರಿ. ಮೂವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ತಪ್ಪಿದರು, ಮತ್ತು ತಪ್ಪಿದವರಲ್ಲಿ ಹೆಚ್ಚಿನವರು ಬರೆದದ್ದು 6ವಿ = ಪ್ರಾ ಎಂದೇ. ಸರಿಯಾದದ್ದು ವಿ = 6ಪ್ರಾ. ಅಕ್ಷರವನ್ನು ಅವರು ಸಂಖ್ಯೆ ಎಂದು ಓದದೆ ಹೆಸರಿನ ಚೀಟಿ ಎಂದು ಓದಿದ್ದರು. 6ವಿ ಅವರ ಕಣ್ಣಿಗೆ "ಆರು ವಿದ್ಯಾರ್ಥಿಗಳು". ಇದನ್ನು ಆಕೆಗೆ ಹೇಳಿದಾಗ ಮುಖ ಹಗುರವಾದದ್ದನ್ನು ಕಂಡೆ. ತನಗೆ ಗಣಿತವೇ ಒಲಿದಿಲ್ಲ ಎಂದು ನಂಬಿ ಕೂತವರಿಗೆ ಇಂಥ ಮಾಹಿತಿ ಔಷಧಿಯಷ್ಟೇ ಮುಖ್ಯ ಎಂದು ನಾನು ಬಲ್ಲೆ.

ಮೂರನೆಯದು ಅನುಪಾತಗಳನ್ನು ಜೋಡಿಸುವಲ್ಲಿ. ಮೊದಲನೆಯದಕ್ಕೂ ಎರಡನೆಯದಕ್ಕೂ 2:3, ಎರಡನೆಯದಕ್ಕೂ ಮೂರನೆಯದಕ್ಕೂ 4:5 ಎಂದರೆ ಆಕೆ 2:3:5 ಎಂದು ಬರೆದುಬಿಡುತ್ತಿದ್ದಳು. ನಡುವಿನದು ಒಂದು ಕಡೆ 3 ಪಾಲು, ಇನ್ನೊಂದು ಕಡೆ 4 ಪಾಲು ಆಗಿರುವುದರಿಂದ ಎರಡನ್ನೂ 12 ಮಾಡಿಕೊಂಡರೆ 8:12:15 ಸಿಗುತ್ತದೆ.

ಕಾಂಕ್ರೀಟಿನ ಪ್ರಶ್ನೆ

ಅಭ್ಯಾಸದ ಪುಸ್ತಕವನ್ನು ಮುಚ್ಚಿಸಿ ಒಂದು ಪ್ರಶ್ನೆ ಕೇಳಿದೆ.

"ಒಂದಕ್ಕೆ ಎರಡು ನಾಲ್ಕರ ಕಾಂಕ್ರೀಟಿಗೆ ಎಷ್ಟು ಮೂಟೆ ಸಿಮೆಂಟ್ ಬೇಕಮ್ಮ?"

"ಎಷ್ಟು ಘನಮೀಟರ್‌ಗೆ ಮೇಡಂ?"

ಈ ಮರುಪ್ರಶ್ನೆಯೇ ಇಡೀ ಪ್ರಕರಣದ ಕೀಲಿ. ಸೈಟಿನಲ್ಲಿ 1:2:4 (ಒಂದು ಪಾಲು ಸಿಮೆಂಟಿಗೆ ಎರಡು ಪಾಲು ಮರಳು, ನಾಲ್ಕು ಪಾಲು ಜಲ್ಲಿ) ಎಂದರೆ ಪ್ರಮಾಣ ಮಾತ್ರ ಗೊತ್ತಾಯಿತು, ಗಾತ್ರ ಗೊತ್ತಾಗಲಿಲ್ಲ ಎಂಬುದು ಆಕೆಗೆ ಯೋಚಿಸದೆಯೇ ತಿಳಿಯುತ್ತದೆ. ಗಾತ್ರ ಹೇಳದೆ ಮೂಟೆಯ ಲೆಕ್ಕ ಕೇಳುವವರನ್ನು ಆಕೆ ತಿರುಗಿ ಕೇಳುತ್ತಾಳೆ. ಕಾಗದದ ಮೇಲೆ ಮಾತ್ರ ಹಾಗೆ ಕೇಳುತ್ತಿರಲಿಲ್ಲ. 5:3 ಕಂಡ ಕೂಡಲೇ ಐವರು ಪುರುಷರು, ಮೂವರು ಮಹಿಳೆಯರು ಎಂದು ಹಿಡಿದುಬಿಡುತ್ತಿದ್ದಳು.

ಒಂದು ಮೂಟೆಯ ಲೆಕ್ಕವನ್ನೇ ಬರೆಯಿಸಿದೆ. ಸಿಮೆಂಟ್ ಮೂಟೆ 50 ಕಿಲೋ, ಗಾತ್ರದಲ್ಲಿ ಸುಮಾರು 35 ಲೀಟರ್. ಒಂದು ಪಾಲು 35 ಲೀಟರ್ ಆದರೆ ಮರಳು 70, ಜಲ್ಲಿ 140. ಒಂದು ಪಾಲಿನ ಬೆಲೆ ಸಿಕ್ಕರೆ ಉಳಿದದ್ದೆಲ್ಲ ಗುಣಾಕಾರ. ಜಿಆರ್‌ಇಯ ಅನುಪಾತದ ಲೆಕ್ಕಗಳಲ್ಲಿ ಬಹುಪಾಲು ಇದೇ: ಒಂದು ಪಾಲು ಎಷ್ಟು ಎಂದು ಹೇಳುವ ಸುಳಿವು ಪ್ರಶ್ನೆಯಲ್ಲಿ ಎಲ್ಲಿ ಅಡಗಿದೆ ಎಂದು ಹುಡುಕುವುದು. ನಮ್ಮ ನಾಡಿಗೆ ಇದು ಹೊಸದೂ ಅಲ್ಲ. 9ನೇ ಶತಮಾನದಲ್ಲಿ, ನೃಪತುಂಗನ ಆಳ್ವಿಕೆಯಲ್ಲಿ ಬಾಳಿದ ಗಣಿತಜ್ಞ ಮಹಾವೀರಾಚಾರ್ಯ ಪಾಲುಗಳಿಗೆ ತಕ್ಕಂತೆ ಮೊತ್ತವನ್ನು ಹಂಚುವ ವಿಧಾನವನ್ನು ವಿಸ್ತಾರವಾಗಿ ವಿವರಿಸಿದ್ದಾನೆ. ಪಾಲುಗಳನ್ನು ಕೂಡಿಸು, ಮೊತ್ತವನ್ನು ಅದರಿಂದ ಭಾಗಿಸು, ಬಂದದ್ದನ್ನು ಒಂದೊಂದು ಪಾಲಿನಿಂದ ಗುಣಿಸು.

ಒಂದು ಎಚ್ಚರಿಕೆಯನ್ನು ಇಲ್ಲಿಯೇ ಹೇಳಬೇಕಾಯಿತು, ಏಕೆಂದರೆ ಆಕೆಯೇ ಅದನ್ನು ಎತ್ತಿದಳು. ಸೈಟಿನಲ್ಲಿ 35, 70, 140 ಕೂಡಿಸಿದರೆ 245 ಲೀಟರ್ ಆಗುತ್ತದೆ, ಆದರೆ 245 ಲೀಟರ್ ಕಾಂಕ್ರೀಟ್ ಸಿಗುವುದಿಲ್ಲ. ಜಲ್ಲಿಯ ಸಂದುಗಳಲ್ಲಿ ಮರಳು, ಮರಳಿನ ಸಂದುಗಳಲ್ಲಿ ಸಿಮೆಂಟ್ ಕೂರುತ್ತದೆ. ಒಣ ಗಾತ್ರವನ್ನು 1.54ರಿಂದ ಭಾಗಿಸುವುದು ಎಂಜಿನಿಯರುಗಳ ರೂಢಿ; ಹಾಗೆ ಮಾಡಿದರೆ ಮೂಟೆಗೆ ಸುಮಾರು 160 ಲೀಟರ್, ಘನಮೀಟರಿಗೆ ಆರು ಮೂಟೆಗಿಂತ ತುಸು ಹೆಚ್ಚು. ಪರೀಕ್ಷೆಯ ಲೆಕ್ಕದಲ್ಲಿ ಈ ಸಂದುಗಳಿಲ್ಲ. ಅಲ್ಲಿ ಪಾಲುಗಳ ಮೊತ್ತವೇ ಪೂರ್ಣ. ಮಿಶ್ರಣದ ಪ್ರಶ್ನೆಗಳಲ್ಲಿ ಆಕೆ ಅನುಮಾನಿಸುತ್ತಾ ಕೂರುತ್ತಿದ್ದುದಕ್ಕೆ ವೃತ್ತಿಯ ತಿಳಿವೂ ಒಂದು ಕಾರಣವಾಗಿತ್ತು. ಹೆಚ್ಚು ತಿಳಿದವರಿಗೆ ಇಂಥ ತೊಡಕು ಬರುವುದನ್ನು ಶಿಕ್ಷಕರು ಗಮನಿಸಬೇಕು.

ಏನು ಬದಲಾಗಿಲ್ಲ?

ಮುಂದಿನ ಭಾನುವಾರಗಳಲ್ಲಿ ಒಂದು ನಿಯಮ ಹಾಕಿದೆ. ಸಮೀಕರಣ ಬರೆಯುವ ಮೊದಲು, ಪೆನ್ನು ಕೆಳಗಿಟ್ಟು, ಈ ಕಥೆಯಲ್ಲಿ ಬದಲಾಗದೆ ನಿಂತದ್ದು ಯಾವುದು ಎಂದು ಬಾಯಿಬಿಟ್ಟು ಹೇಳಬೇಕು. ಬಹಳಷ್ಟು ತರಬೇತಿಗಳಲ್ಲಿ ಮೊದಲ ಮಾತೇ "ಗೊತ್ತಿಲ್ಲದ್ದನ್ನು ಒಂದು ಅಕ್ಷರ ಎಂದಿಟ್ಟುಕೊಳ್ಳಿ" ಎಂದಿರುತ್ತದೆ. ಅದು ತಪ್ಪಲ್ಲ. ಆದರೆ ಕಥೆಯನ್ನು ಅರ್ಥ ಮಾಡಿಕೊಳ್ಳುವ ಮೊದಲೇ ಅಕ್ಷರ ಬಂದರೆ ಕೈ ಓಡುತ್ತದೆ, ತಲೆ ಹಿಂದೆ ಉಳಿಯುತ್ತದೆ.

ಕಚೇರಿಯ ಲೆಕ್ಕಕ್ಕೆ ಮರಳಿದೆವು. ಬದಲಾಗದ್ದು ಪುರುಷರ ಸಂಖ್ಯೆ. ಮೊದಲ ಅನುಪಾತದಲ್ಲಿ ಅವರು 5 ಪಾಲು, ಎರಡನೆಯದರಲ್ಲಿ 10 ಪಾಲು. ಒಬ್ಬರೂ ಬಂದಿಲ್ಲ, ಒಬ್ಬರೂ ಹೋಗಿಲ್ಲ. ಆದ್ದರಿಂದ ಪಾಲಿನ ಸಂಖ್ಯೆಯೂ ಒಂದೇ ಆಗಲಿ ಎಂದು 5:3 ಅನ್ನು 10:6 ಎಂದು ಬರೆದೆವು. ಈಗ 10:6 ಹೋಗಿ 10:9 ಆಗಿದೆ. ಮಹಿಳೆಯರು ಮೂರು ಪಾಲು ಹೆಚ್ಚಿದ್ದಾರೆ, ಆ ಮೂರು ಪಾಲು 12 ಮಂದಿ, ಒಂದು ಪಾಲು ನಾಲ್ವರು, ಪುರುಷರು 40. ಅಕ್ಷರವೂ ಇಲ್ಲ, ಅಡ್ಡ ಗುಣಾಕಾರವೂ ಇಲ್ಲ. ತಾಳೆ ನೋಡಲು 40 ಮತ್ತು 24, ಆಮೇಲೆ 40 ಮತ್ತು 36. ಸರಿ ಇದೆ.

ಎರಡನೆಯ ಬಗೆಯಲ್ಲಿ ಬದಲಾಗದ್ದು ಒಟ್ಟು ಮೊತ್ತ. ಎರಡು ಕಪಾಟುಗಳ ಪುಸ್ತಕಗಳು 7:5. ಮೊದಲನೆಯದರಿಂದ 6 ಪುಸ್ತಕ ತೆಗೆದು ಎರಡನೆಯದರಲ್ಲಿಟ್ಟರೆ 5:4. ಇಲ್ಲಿ ಎರಡೂ ಕಪಾಟು ಬದಲಾಗಿವೆ, ಒಟ್ಟು ಪುಸ್ತಕಗಳು ಅಷ್ಟೇ ಇವೆ. ಮೊದಲು ಒಟ್ಟು 12 ಪಾಲು, ನಂತರ 9 ಪಾಲು. ಎರಡನ್ನೂ 36 ಮಾಡಿದರೆ 21:15 ಮತ್ತು 20:16. ಮೊದಲನೆಯ ಕಪಾಟು ಕಳೆದುಕೊಂಡದ್ದು ಒಂದೇ ಪಾಲು, ಆ ಪಾಲು 6 ಪುಸ್ತಕ. ಒಟ್ಟು 216, ಮೊದಲಿಗೆ 126 ಮತ್ತು 90. ಈ ಲೆಕ್ಕ ಮುಗಿದಾಗ ಆಕೆ ತನ್ನ ಹಳೆಯ ಹಾಳೆಯನ್ನು ತೆಗೆದು, ಪುಟ ತುಂಬಾ ಹರಡಿದ್ದ ಸಮೀಕರಣಗಳನ್ನು ಒಮ್ಮೆ ನೋಡಿ, ಇನ್ನೊಂದು ಇಂಥದೇ ಕೊಡಿ ಎಂದಳು.

ವಯಸ್ಸಿನ ಲೆಕ್ಕಗಳಲ್ಲಿ ನಿಲ್ಲುವುದು ವ್ಯತ್ಯಾಸ. ತಾಯಿ ಮಗಳ ವಯಸ್ಸು ಈಗ 3:1, 12 ವರ್ಷದ ನಂತರ 2:1. ವ್ಯತ್ಯಾಸ ಮೊದಲು 2 ಪಾಲು, ನಂತರ 1 ಪಾಲು. ಎರಡನೆಯದನ್ನು 4:2 ಮಾಡಿದರೆ ಮಗಳು 1 ಪಾಲಿನಿಂದ 2ಕ್ಕೆ ಏರಿದ್ದಾಳೆ, ಒಂದು ಪಾಲು 12 ವರ್ಷ. ತಾಯಿಗೆ 36, ಮಗಳಿಗೆ 12.

ಒಂದು ಪರಿಮಾಣ, ಒಟ್ಟು, ವ್ಯತ್ಯಾಸ: ಈ ಮೂರರಲ್ಲಿ ಒಂದು ನಿಂತಿದ್ದರೆ ಲೆಕ್ಕ ಮುಗಿದಂತೆ. ಏನೂ ನಿಲ್ಲದ ಲೆಕ್ಕಗಳೂ ಇವೆ, ಅಲ್ಲಿ ಅಕ್ಷರ ಬೇಕೇ ಬೇಕು. ಆಕೆಯ ಕೊನೆಯ ಕಷ್ಟ ಇದ್ದದ್ದು ಅಲ್ಲಿ.

ಎರಡು ಅನುಪಾತ, ಎರಡು ಪಾಲು

ಇಬ್ಬರ ಆದಾಯ 7:5, ಖರ್ಚು 3:2, ಇಬ್ಬರೂ ತಿಂಗಳಿಗೆ ತಲಾ 3,000 ರೂಪಾಯಿ ಉಳಿಸುತ್ತಾರೆ. ಆದಾಯವೆಷ್ಟು?

ಆಕೆ 7ಕ ಮತ್ತು 5ಕ, 3ಕ ಮತ್ತು 2ಕ ಎಂದು ಬರೆದಳು. ಒಬ್ಬನ ಉಳಿತಾಯ 4ಕ, ಇನ್ನೊಬ್ಬನದು 3ಕ ಬಂದು, ಎರಡೂ ಒಂದೇ ಆಗಲು ಸಾಧ್ಯವಿಲ್ಲದೆ ನಿಂತುಬಿಟ್ಟಳು. ಪ್ರಶ್ನೆಯೇ ತಪ್ಪಿರಬೇಕು ಎಂದೂ ಹೇಳಿದಳು. ನಾನು ಉತ್ತರ ಹೇಳದೆ ಮತ್ತೆ ಕಾಂಕ್ರೀಟಿಗೆ ಹೋದೆ.

"ನೀರು ಎಷ್ಟು ಹಾಕಿಸುತ್ತೀಯ?"

"ನೀರು ಸಿಮೆಂಟ್ ಪ್ರಮಾಣ 0.5 ಇದ್ದರೆ ಮೂಟೆಗೆ 25 ಲೀಟರ್ ಮೇಡಂ. ಅದು ತೂಕದ ಲೆಕ್ಕ."

"ಒಂದಕ್ಕೆ ಎರಡು ನಾಲ್ಕು?"

"ಅದು ಗಾತ್ರದ್ದು." ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದರೆ ಆದಾಯದ ಪಾಲು ಬೇರೆ, ಖರ್ಚಿನ ಪಾಲು ಬೇರೆ" ಎಂದಳು.

ಒಂದೇ ಮಿಶ್ರಣದಲ್ಲಿ ಎರಡು ಪ್ರಮಾಣಗಳಿದ್ದು, ಒಂದರ ಪಾಲು 35 ಲೀಟರ್, ಇನ್ನೊಂದರ ಪಾಲು 50 ಕಿಲೋ ಆಗಿರುವುದನ್ನು ಆಕೆ ನಿತ್ಯ ನಿಭಾಯಿಸುತ್ತಿದ್ದಳು. ಆದಾಯದ ಪಾಲನ್ನು ಕ, ಖರ್ಚಿನ ಪಾಲನ್ನು ಗ ಎಂದಿಟ್ಟಾಗ 7ಕ − 3ಗ = 3,000 ಮತ್ತು 5ಕ − 2ಗ = 3,000. ಎರಡೂ ಸಮವಾದ್ದರಿಂದ ಗ ಎಂಬುದು ಕ ದ ಎರಡರಷ್ಟು. ಕ 3,000, ಗ 6,000. ಆದಾಯ 21,000 ಮತ್ತು 15,000; ಖರ್ಚು 18,000 ಮತ್ತು 12,000. ಅಭ್ಯಾಸದ ಲೆಕ್ಕಗಳಲ್ಲಿ ಎರಡು ಪಾಲುಗಳೂ ಆಕಸ್ಮಿಕವಾಗಿ ಸಮವಾಗಿರುವವು ಕೆಲವಿರುತ್ತವೆ. ಅಲ್ಲಿ ತಪ್ಪು ದಾರಿಯಲ್ಲೂ ಸರಿಯುತ್ತರ ಬಂದು, ತಪ್ಪು ಇನ್ನಷ್ಟು ಬೇರೂರುತ್ತದೆ. ಅಂಥವುಗಳನ್ನು ಹೊಸಬರಿಗೆ ಮೊದಲು ಕೊಡಬಾರದು ಎಂದು ಬೋಧಿಸುವವರೆಲ್ಲರಲ್ಲಿ ನನ್ನ ಕೋರಿಕೆ.

ಇದೇ ತಿಳಿವು ಜಿಆರ್‌ಇಯ ವಿಶೇಷವಾದ ಹೋಲಿಕೆಯ ಪ್ರಶ್ನೆಗಳಲ್ಲಿ ಹೆಚ್ಚು ಬೇಕಾಗುತ್ತದೆ. ಅಲ್ಲಿ ಎ ಮತ್ತು ಬಿ ಎಂಬ ಎರಡು ಪರಿಮಾಣ ಕೊಟ್ಟು ಯಾವುದು ದೊಡ್ಡದು, ಸಮವೇ, ಅಥವಾ ಕೊಟ್ಟ ಮಾಹಿತಿಯಿಂದ ಹೇಳಲಾಗದೇ ಎಂದು ಕೇಳುತ್ತಾರೆ. ನಾನು ಹೀಗೊಂದು ಕೊಟ್ಟೆ: ಮೊದಲ ಪೆಟ್ಟಿಗೆಯಲ್ಲಿ ಕೆಂಪು ನೀಲಿ ಗೋಲಿಗಳು 3:4, ಎರಡನೆಯದರಲ್ಲಿ 4:5. ಎರಡನ್ನೂ ಒಂದೇ ಪೆಟ್ಟಿಗೆಗೆ ಸುರಿದರೆ ಬರುವ ಕೆಂಪು ನೀಲಿ ಅನುಪಾತ ಎ. ಬಿ ಎಂದರೆ 7:9.

ಆಕೆ ಸಮ ಎಂದಳು. ಮೂರಕ್ಕೆ ನಾಲ್ಕು ಸೇರಿ ಏಳು, ನಾಲ್ಕಕ್ಕೆ ಐದು ಸೇರಿ ಒಂಬತ್ತು. ಪೆಟ್ಟಿಗೆಗಳ ಗಾತ್ರ ಹೇಳಿಲ್ಲವಲ್ಲ ಎಂದು ನೆನಪಿಸಿದ ಮೇಲೆ ತಾನೇ ಸಂಖ್ಯೆ ಹಾಕಿ ನೋಡಿದಳು. ಮೊದಲನೆಯದರಲ್ಲಿ 7 ಗೋಲಿ, ಎರಡನೆಯದರಲ್ಲಿ 90 ಇದ್ದರೆ ಒಟ್ಟು 43:54, ಅದು 7:9ಕ್ಕಿಂತ ಹೆಚ್ಚು. ಮೊದಲನೆಯದರಲ್ಲಿ 70, ಎರಡನೆಯದರಲ್ಲಿ 9 ಇದ್ದರೆ 34:45, ಅದು ಕಡಿಮೆ. ಹೇಳಲಾಗದು ಎಂಬುದೇ ಉತ್ತರ.

ಆದರೆ ಗಾತ್ರ ಗೊತ್ತಿಲ್ಲದಿದ್ದರೆ ಏನೂ ಹೇಳಲಾಗದು ಎಂದು ತೀರ್ಮಾನಿಸುವುದೂ ಅಷ್ಟೇ ಅಪಾಯ. ಅದೇ ಪ್ರಶ್ನೆಯಲ್ಲಿ ಬಿಯನ್ನು 4:5 ಎಂದು ಬದಲಿಸಿ ಕೊಟ್ಟೆ. ಈಗ ಬಿ ದೊಡ್ಡದು ಎಂದು ಖಚಿತವಾಗಿ ಹೇಳಬಹುದು. 3:4 ಎಂದರೆ 0.75, 4:5 ಎಂದರೆ 0.8, ಎರಡೂ ಪೆಟ್ಟಿಗೆಯಲ್ಲಿ ಗೋಲಿಗಳಿರುವ ತನಕ ಮಿಶ್ರಣದ ಅನುಪಾತ ಈ ಎರಡರ ನಡುವೆಯೇ ಬೀಳುತ್ತದೆ. ಪೆಟ್ಟಿಗೆ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, 0.8 ಮುಟ್ಟುವುದಿಲ್ಲ. ಈ ಒಂದು ಜೋಡಿ ಪ್ರಶ್ನೆಗೆ ನಾವು ಒಂದು ಇಡೀ ಬೆಳಗನ್ನು ಕೊಟ್ಟೆವು. ಅಷ್ಟು ಸಮಯಕ್ಕೆ ಅದು ಅರ್ಹ.

ಫಲ, ಮತ್ತು ಉಳಿದದ್ದು

ಪರೀಕ್ಷೆಯಲ್ಲಿ ಗಣಿತಕ್ಕೆ 160ರ ಮೇಲೆ ಅಂಕ ಬಂತು. ಆಕೆ ಬಯಸಿದ ವಿಭಾಗಗಳಿಗೆ ಅರ್ಜಿ ಹಾಕಲು ಅದು ಸಾಕಾಯಿತು. ಕೊನೆಯ ಅಭ್ಯಾಸ ಪರೀಕ್ಷೆಗಳ ಹಾಳೆಗಳಲ್ಲಿ ಪಾಲಿಗೆ ಜನರನ್ನು ಕೂಡಿಸುವ ತಪ್ಪು ಕಾಣಲಿಲ್ಲ. ಆಯ್ಕೆಗಳನ್ನು ಸೋಸುವ ಒಂದು ಉಪಾಯವೂ ಆಕೆಗೆ ಕೈಹಿಡಿಯಿತು: 5:3 ಇದ್ದಾಗ ಒಟ್ಟು ಜನ 8ರ ಗುಣಕವಾಗಿರಲೇಬೇಕು, 10:9 ಆದಾಗ 19ರ ಗುಣಕ. ಆಗದ ಆಯ್ಕೆಗಳನ್ನು ಲೆಕ್ಕವಿಲ್ಲದೆ ಹೊಡೆದುಹಾಕಬಹುದು.

ಎರಡು ತೊಂದರೆ ಉಳಿದವು. ಬದಲಾಗದ್ದನ್ನು ಹುಡುಕುವ ಅಭ್ಯಾಸ ಎಷ್ಟು ಗಟ್ಟಿಯಾಯಿತೆಂದರೆ, ಏನೂ ಬದಲಾಗದ ನೇರ ಹಂಚಿಕೆಯ ಲೆಕ್ಕದಲ್ಲೂ ಆಕೆ ಮೊದಲು, ನಂತರ ಎಂದು ಎರಡು ಸಾಲು ಎಳೆದು ಅರ್ಧ ನಿಮಿಷ ಕಳೆಯುತ್ತಿದ್ದಳು. ಇನ್ನೊಂದು, ಪ್ರಶ್ನೆಯ ಕೊನೆಯ ಸಾಲು. ಪುರುಷರು : ಮಹಿಳೆಯರು ಎಂಬ ಅನುಪಾತದಿಂದ ಆರಂಭಿಸಿ ಕೊನೆಯಲ್ಲಿ ಮಹಿಳೆಯರು : ಪುರುಷರು ಎಂಬುದನ್ನು ಕೇಳಿದಾಗ, ಅಥವಾ ಒಟ್ಟಿನಲ್ಲಿ ಮಹಿಳೆಯರ ಭಾಗವೆಷ್ಟು ಎಂದು ಕೇಳಿದಾಗ, ಸರಿಯಾಗಿ ಬಿಡಿಸಿದ ಲೆಕ್ಕಕ್ಕೆ ತಪ್ಪು ಆಯ್ಕೆ ಗುರುತಿಸುವುದು ಪೂರ್ತಿ ನಿಲ್ಲಲಿಲ್ಲ. 3:5 ಎಂಬುದೂ 3/8 ಎಂಬುದೂ ಆಯ್ಕೆಗಳಲ್ಲಿ ಪಕ್ಕಪಕ್ಕದಲ್ಲೇ ಇರುತ್ತವೆ. ಕೇಳಿದ್ದನ್ನು ಕಚ್ಚಾ ಹಾಳೆಯ ತಲೆಯಲ್ಲಿ ಮೊದಲೇ ಬರೆದುಕೊಳ್ಳಲು ಹೇಳಿದ್ದೆ. ಸಮಯ ಸಾಕಷ್ಟಿದ್ದಾಗ ಹಾಗೆಯೇ ಮಾಡುತ್ತಿದ್ದಳು, ಗಡಿಬಿಡಿಯಲ್ಲಿ ಬಿಟ್ಟುಬಿಡುತ್ತಿದ್ದಳು. ಈಗ ಬರುತ್ತಿರುವ ವಿದ್ಯಾರ್ಥಿಗಳಿಗೆ ನಾನು ಇದನ್ನು ಕೊನೆಗೆ ಉಳಿಸದೆ, ಪಾಲಿನ ಪಾಠದ ಜೊತೆಗೇ ಮೊದಲ ದಿನದಿಂದ ಮಾಡಿಸುತ್ತಿದ್ದೇನೆ.